ಬಾಗಿಲಕ್ಕ ಒಳಗೆ ಬಿಡದ ಮೂರು ಪತ್ರಗಳು

ಹತ್ತೊಂಬತ್ತು ವರ್ಷ ಆ ಕಾಲೇಜಿನ ಇಮೇಲ್‌ಗೆ ಕಾವಲಿದ್ದವಳನ್ನು ಜನ ಬಾಗಿಲಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಮೆಟ್ಟಿಲ ಕೆಳಗೊಂದು ಕಿಟಕಿಯಿಲ್ಲದ ಕೋಣೆ, ಹಗಲೆಲ್ಲ ಗುಂಯ್‌ಗುಡುವ ಸರ್ವರ್, ಅದರ ಎಸಿಯ ಚಳಿಗೆ ಹೆಗಲ ಮೇಲೊಂದು ಉಣ್ಣೆಯ ಶಾಲು. ಮೌಸ್ ಮುಟ್ಟುವವಳಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪಿಸುವಳು, ಸರ್ವರ್ ಒಂದು ಸಾಲು ಉತ್ತರ ಕೊಡುವುದು. ಇಬ್ಬರೂ ಮಿತಭಾಷಿಗಳು.

ಅವಳ ಕೆಲಸ ಇಷ್ಟೇ. ಇಮೇಲ್‌ನಲ್ಲಿ ಯಾರು ಬೇಕಾದರೂ ಯಾರ ಹೆಸರಿನಲ್ಲಿ ಬೇಕಾದರೂ ಬರೆಯಬಹುದು. ಅದಕ್ಕೇ ಪ್ರತಿ ಸಂಸ್ಥೆ, ಪ್ರತಿ ಅಂಗಡಿ ನಾಲ್ಕು ಜನಕ್ಕೆ ಕಾಣುವಂತೆ ಒಂದು ಪಟ್ಟಿ ತೂಗುಹಾಕಿರುತ್ತದೆ: ನಮ್ಮ ಹೆಸರಿನಲ್ಲಿ ಪತ್ರ ಕಳಿಸುವ ಹಕ್ಕು ಇಂತಿಂಥ ಯಂತ್ರಗಳಿಗೆ ಮಾತ್ರ ಎಂದು. ಪತ್ರ ತಂದ ಯಂತ್ರ ಆ ಪಟ್ಟಿಯಲ್ಲಿದ್ದರೆ ಬಾಗಿಲಕ್ಕ ಒಳಗೆ ಬಿಡುವಳು. ಅನುಮಾನ ಬಂದರೆ ‘ಡಿಗ್’ ಎಂಬ ಆಜ್ಞೆ ಟೈಪಿಸಿ ಪಟ್ಟಿಯನ್ನೇ ತರಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡುವಳು.

“ದೇವರೇ ಕಾಗದ ಬರೆದ್ರೂ ನೀವು ಬಿಡಲ್ಲ ಬಿಡಿ, ಬಾಗಿಲಕ್ಕ,” ಎಂದು ಲೈಬ್ರರಿಯವರು ರೇಗಿಸಿದರೆ, “ದೇವರ ಹೆಸರಲ್ಲೇ ಅಲ್ವಾ ಸ್ವಾಮಿ, ಹೆಚ್ಚು ಸುಳ್ಳು ಬರೋದು,” ಎನ್ನುವಳು.

ಒಂದು ವರ್ಷ ಯಾರೋ ಕಿಡಿಗೇಡಿ ಪ್ರಾಂಶುಪಾಲರ ಹೆಸರಿನಲ್ಲಿ ‘ಪರೀಕ್ಷೆ ಮುಂದೆ ಹೋಗಿದೆ’ ಎಂದು ಬರೆದ. ಅರ್ಧ ಕಾಲೇಜು ಮನೆಯಲ್ಲೇ ಉಳಿಯಿತು. ಅಂದಿನಿಂದ ಅವಳು ನಿಯಮ ಬಿಗಿ ಮಾಡಿದಳು. ಪಟ್ಟಿಗೆ ಹೊಂದದ ಪತ್ರವನ್ನು ‘ತಲುಪಲಿಲ್ಲ’ ಎಂಬ ಟಿಪ್ಪಣಿಯೊಡನೆ ಹಿಂದಕ್ಕೆ ಕಳಿಸುವುದು ವಾಡಿಕೆ. ಕಳಿಸಿದವನ ಹೆಸರೇ ಸುಳ್ಳಾದರೆ ಆ ಟಿಪ್ಪಣಿ ಏನೂ ಅರಿಯದ, ಆ ಹೆಸರಿನ ಪಾಪದವರಿಗೆ ಹೋಗಿ ಬೀಳುತ್ತದಲ್ಲ ಎಂದು ಯೋಚಿಸಿದಳು. ಟಿಪ್ಪಣಿಯೇ ಬೇಡ, ಸದ್ದಿಲ್ಲದೆ ಎಸೆದುಬಿಡು ಎಂದು ಸರ್ವರ್‌ಗೆ ಹೇಳಿದಳು. ಯಾರಿಗೂ ನೋವಾಗಬಾರದೆಂದೇ ಹಾಗೆ ಮಾಡಿದ್ದು.

ಅವಳಿಗೊಬ್ಬ ಅಣ್ಣ. ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡಿಂಗ್ ಅಂಗಡಿಯವನು. ಮೂರು ವರ್ಷದ ಹಿಂದೆ, ಸತ್ತುಹೋದ ಅಮ್ಮನ ಹೊಲಿಗೆ ಯಂತ್ರವನ್ನು ಅವಳಿಗೊಂದು ಮಾತೂ ಹೇಳದೆ ಯಾರಿಗೋ ಕೊಟ್ಟುಬಿಟ್ಟ. “ಇನ್ನು ನಿನ್ನ ಹೊಸಿಲು ತುಳಿದ್ರೆ ಕೇಳು,” ಎಂದು ಬಂದವಳು ಅವನ ಫೋನೂ ಎತ್ತಲಿಲ್ಲ. ಕೋಪ ವರ್ಷದೊಳಗೇ ಕರಗಿತ್ತು. ಆದರೆ ಅವನೇ ಇನ್ನೊಮ್ಮೆ ಕರೆಯಲಿ ಎಂಬ ಹಟ ಉಳಿದಿತ್ತು.

ಕರೆ ಬಂದದ್ದು ಅತ್ತಿಗೆಯಿಂದ. ಅಣ್ಣ ಹೋಗಿಬಿಟ್ಟಿದ್ದ. ಕರುಳಿನ ಕಾಯಿಲೆ, ನಾಲ್ಕು ತಿಂಗಳು ನರಳಿದನಂತೆ.

ಮಣ್ಣು ಮಾಡಿ ಬಂದ ಸಂಜೆ ಅತ್ತಿಗೆ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಲೇ ಹೇಳಿದಳು: “ನಿನ್ನ ಕಾಲೇಜಿನ ಇಮೇಲ್‌ಗೆ ಮೂರು ಪತ್ರ ಬರೆದ್ರು. ಫೋನ್ ಎತ್ತದಿದ್ರೂ ಪತ್ರ ಓದೇ ಓದ್ತಾಳೆ ಅಂತ. ಒಂದಕ್ಕಾದ್ರೂ ಒಂದಕ್ಷರ ಬರೀಬಾರದಿತ್ತಾ?”

“ನನಗೆ ಯಾವ ಪತ್ರಾನೂ ಬರಲಿಲ್ಲ, ಅತ್ತಿಗೆ.”

“ಬರದೆ ಎಲ್ಲಿಗೆ ಹೋಗುತ್ತೆ? ವಾಪಸ್ಸಂತೂ ಬರಲಿಲ್ಲ.”

ಆ ಮಾತಿಗೆ ಅವಳಿಗೆ ತಾನೇ ಹಾಕಿದ್ದ ನಿಯಮ ನೆನಪಾಯಿತು.

ಮರುದಿನ ಬೆಳಿಗ್ಗೆ ಕೋಣೆಯ ಬೀಗ ತೆಗೆದವಳು ಶಾಲನ್ನೂ ಹೊದೆಯಲಿಲ್ಲ. ಸರ್ವರ್ ತಾನು ಮಾಡಿದ್ದನ್ನೆಲ್ಲ ಗೀಚಿಡುವ ಲಾಗ್‌ನಲ್ಲಿ ಅಣ್ಣನ ಅಂಗಡಿಯ ವಿಳಾಸ ಹುಡುಕಿದಳು. ಮೂರು ಸಾಲು ಬಂದವು. ಮೂರರ ಕೊನೆಗೂ ಒಂದೇ ಮಾತು: ಎಸೆಯಲಾಗಿದೆ. ಅಂಗಡಿಯ ಪಟ್ಟಿ ತರಿಸಿದಳು. ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವವನು ಇಮೇಲನ್ನು ಹೊಸ ಯಂತ್ರಕ್ಕೆ ಬದಲಾಯಿಸಿದ್ದ, ಪಟ್ಟಿಯಲ್ಲಿ ಹಳೆಯದನ್ನೇ ಬಿಟ್ಟಿದ್ದ. ಎಸೆದ ಪತ್ರದ ಒಂದಕ್ಷರವೂ ಸರ್ವರ್‌ನಲ್ಲಿ ಇರಲಿಲ್ಲ. ಅಣ್ಣ ಏನು ಬರೆದಿದ್ದ? ಉತ್ತರ ಬಾರದ್ದಕ್ಕೆ ಏನೆಂದುಕೊಂಡು ಹೋದ? ಅವಳಿಗೆ ಬೇಕಾದದ್ದು ಅದೊಂದೇ.

ರಜೆ ಬರೆದುಕೊಟ್ಟು ನೇರ ಬೈಂಡಿಂಗ್ ಅಂಗಡಿಗೆ ಹೋದಳು. ಗೋಂದಿನ ವಾಸನೆ, ಅರ್ಧ ಹೊಲಿದ ಪುಸ್ತಕಗಳ ಮೇಲೆ ಕಬ್ಬಿಣದ ತೂಕ. ಅತ್ತಿಗೆ ಗಿರಾಕಿಗಳ ಪುಸ್ತಕಗಳನ್ನು ವಿಂಗಡಿಸುತ್ತಿದ್ದಳು. ದಾರಿಯುದ್ದಕ್ಕೂ ತಪ್ಪನ್ನು ವೆಬ್‌ಸೈಟಿನವನ ಮೇಲೆ ಹಾಕಿದರಾಯಿತು ಎಂದುಕೊಂಡು ಬಂದವಳು ಅತ್ತಿಗೆಯ ಮುಖ ಕಂಡು ಆ ಯೋಚನೆ ಬಿಟ್ಟಳು.

“ಪತ್ರ ಬಂದಿದ್ವು, ಅತ್ತಿಗೆ. ನಾನೇ ಎಸೆದೆ. ನೋಡಿ ಎಸೆದದ್ದಲ್ಲ, ನಾನು ಹಾಕಿದ ನಿಯಮ ಎಸೀತು. ವಾಪಸ್ ಕಳಿಸಬೇಡ ಅಂದವಳೂ ನಾನೇ.”

ಅತ್ತಿಗೆ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟಳು. ಆಮೇಲೆ ಮೂಲೆಯ ಕಂಪ್ಯೂಟರ್ ತೋರಿಸಿದಳು. “ಅದರಲ್ಲೇ ಕೂತು ಬರೀತಿದ್ರು. ಏನು ಬರೆದ್ರು ಅಂತ ನನಗೂ ತೋರಿಸಲಿಲ್ಲ. ತೆಗಿ. ಜೋರಾಗಿ ಓದು.”

ಕಳಿಸಿದ ಪತ್ರಗಳೆಲ್ಲ ಅಲ್ಲಿದ್ದವು. ಅವಳು ಓದಿದಳು.

“ಪುಟ್ಟೀ, ಹೊಲಿಗೆ ಯಂತ್ರ ಕೊಟ್ಟದ್ದು ನನ್ನದೇ ತಪ್ಪು. ಹೊಟ್ಟೆ ಸರಿಯಿಲ್ಲ. ಒಂದು ಸಲ ಬಂದು ಬಯ್ದು ಹೋಗು.”

ಎರಡನೆಯದು: “ಬುಧವಾರ ಆಪರೇಷನ್. ನಿಮ್ಮ ಅತ್ತಿಗೆ ಎದುರಿಗೆ ಧೈರ್ಯವಂತನ ವೇಷ ಹಾಕಿದ್ದೀನಿ. ನೀನು ಬಂದರೆ ಸ್ವಲ್ಪ ಹೆದರಿಕೊಳ್ಳಬಹುದು.”

ಮೂರನೆಯದನ್ನು ತೆರೆದಿಟ್ಟು ಅವಳು ಪಕ್ಕಕ್ಕೆ ಸರಿದಳು. ಅತ್ತಿಗೆ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಾಗಿ, ಅಕ್ಷರ ಕೂಡಿಸುವವಳಂತೆ ಓದಿದಳು: “ಬರೋಕೆ ಮನಸ್ಸಿಲ್ಲ ಅಂತ ಗೊತ್ತಾಯ್ತು. ಇನ್ನು ಬರೆದು ತೊಂದರೆ ಕೊಡಲ್ಲ. ಚೆನ್ನಾಗಿರು.”

ಬೀದಿಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಸರಿಯುತ್ತ ಕೂಗುತ್ತಿತ್ತು.

“ನಿನ್ನೆವರೆಗೆ ನಿನ್ನ ಮೇಲೆ ಸಿಟ್ಟಾದ್ರೂ ಇತ್ತು,” ಎಂದಳು ಅತ್ತಿಗೆ, ಕನ್ನಡಕ ತೆಗೆಯುತ್ತ. “ಅದನ್ನೇ ಹಿಡ್ಕೊಂಡು ನಿಂತಿದ್ದೆ. ಈಗ ಅದೂ ಇಲ್ಲ. ಏನು ಹಿಡ್ಕೊಳ್ಳಲಿ ಹೇಳು.”