ಸೀಸೆಯೊಳಗಿನ ವಿಭೂತಿ

ಗಿರಿಜಾ, ಆ ಸೀಸೆಗೆ ವಿಭೂತಿ ಉದುರಿಸಿದವನು ನಾನು. ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ನಿನ್ನ ಮೇಲೆ ಅದರ ತಪ್ಪನ್ನು ಹೊರಿಸಿದವನೂ ನಾನೇ. ಹನ್ನೆರಡು ವರ್ಷದಿಂದ ಇದನ್ನು ನುಂಗಿಕೊಂಡು ಕೂತಿದ್ದೇನೆ — ಇನ್ನು ಆಗುವುದಿಲ್ಲ.

ಅಂದು ಪಾಂಡವಪುರದ ನಮ್ಮ ಲ್ಯಾಬಿನಲ್ಲಿ ಆಯುಧಪೂಜೆ. ತಕ್ಕಡಿಗೂ ಕುಲುಮೆಗೂ ಚೆಂಡುಹೂ ಮುಡಿಸಿ, ಪುರಿ ಹಂಚಲು ನೀನು ಹೊರಗೆ ಹೋಗಿದ್ದೆ. ಹೊಂಗೆ ಎಣ್ಣೆಯನ್ನು ಡೀಸೆಲ್ ಮಾಡಲೆಂದು ಕಬ್ಬಿನ ಸಿಪ್ಪೆಯ ಇದ್ದಿಲಿನಿಂದ ನಾವು ತಯಾರಿಸಿದ್ದ ವೇಗವರ್ಧಕ ಪುಡಿ ಮೇಜಿನ ಮೇಲಿತ್ತು. ನಾಲ್ಕು ವರ್ಷ ನಮ್ಮನ್ನು ಸತಾಯಿಸಿದ ಪುಡಿ. ನಾಗಮಂಗಲದಲ್ಲಿ ನಮ್ಮಪ್ಪ ಬಿತ್ತನೆ ಬೀಜದ ಮಂಕರಿಗೂ ಒಂದು ಚಿಟಿಕೆ ವಿಭೂತಿ ಹಾಕದೆ ಹೊಲಕ್ಕೆ ಇಳಿಯುತ್ತಿರಲಿಲ್ಲ. ಆ ಅಭ್ಯಾಸವೋ, ಆಸೆಯೋ — ಸೀಸೆಯ ಹೊರಗೆ ಹಚ್ಚುವ ಬದಲು ಮುಚ್ಚಳ ತೆಗೆದು ಒಳಗೇ ಉದುರಿಸಿಬಿಟ್ಟೆ. ಮನೆಯಲ್ಲೇ ಬೆರಣಿ ಸುಟ್ಟು ಮಾಡಿದ ವಿಭೂತಿ. ನಾನೋ, ರಸಾಯನಶಾಸ್ತ್ರದ ಪ್ರೊಫೆಸರು.

ಮಾರನೆಯ ದಿನ ಎಣ್ಣೆ ಸಲೀಸಾಗಿ ಡೀಸೆಲ್ಲಾಯಿತು. ನೀನು ಕುಣಿದಾಡಿದೆ. ಬೂದಿಯಲ್ಲಿರುವ ಕ್ಷಾರವೇ ಆ ಕೆಲಸ ಮಾಡಬಲ್ಲದೆಂದು ನನಗೆ ಗೊತ್ತಿತ್ತು. ಹೇಳಿದರೆ ನಗುತ್ತಾರೆ ಎಂಬ ಹೆದರಿಕೆಗೆ ಸುಮ್ಮನಿದ್ದೆ. ಇದರ ಮೇಲೆ ಬರೆದ ಲೇಖನ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆ ಹಿಡಿಯಿತು.

ಹೊಸ ಪುಡಿ ಮಾಡಿ ಮಾಡಿ ನೋಡಿದೆ ನೀನು — ಒಂದೂ ಕೆಲಸ ಮಾಡಲಿಲ್ಲ. ತಿಂಗಳುಗಟ್ಟಲೆ ಒದ್ದಾಡಿ, ಕೊನೆಗೆ ಬಂದು ಮೆಲ್ಲಗೆ ಅಂದೆ: "ಸಾರ್, ಆ ಮೊದಲ್ನೇ ಸೀಸೇಲಿ ಬ್ಯಾರೆ ಏನೋ ಸೇರ್ಕಂಡದೆ ಅನ್ಸುತ್ತೆ."

ನಾನು ಲ್ಯಾಬಿನವರ ಕಡೆ ತಿರುಗಿದೆ. ಎಲ್ಲರ ಎದುರಿಗೆ ಅಂದುಬಿಟ್ಟೆ: "ಸೀಸೇಲಿ ಏನೂ ಇಲ್ಲ ಕಣಮ್ಮ. ನಿನ್ ಕೈನೇ ಸರಿಯಿಲ್ಲ. ಈ ಕೆಲ್ಸ ನಿಂಗೆ ಒಗ್ಗಾಕಿಲ್ಲ."

ನೀನು ಅಳಲಿಲ್ಲ. ಗಾಜಿನ ಸಾಮಾನೆಲ್ಲ ತೊಳೆದು ಒರೆಸಿಟ್ಟು ನಿನ್ನೂರು ಸಿಂಧಘಟ್ಟದ ಬಸ್ಸು ಹತ್ತಿದೆ. ನಿನ್ನ ಪಿಎಚ್.ಡಿ. ಅಲ್ಲಿಗೇ ನಿಂತಿತು. ನಾನು ಅದೇ ಲೇಖನದ ಬಲದ ಮೇಲೆ ವಿಭಾಗದ ಮುಖ್ಯಸ್ಥನಾದೆ.

ಹೋದ ತಿಂಗಳು ಗಂಜಾಂನಲ್ಲಿ, ಹೊಳೆಯ ಮೆಟ್ಟಿಲ ಮೇಲೆ, ಮಗಳ ಜೊತೆ ಸಿಕ್ಕೆಯಲ್ಲ. ಕೆ.ಆರ್. ಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ ಅಂದೆ. ಆಮೇಲೆ ನಗುತ್ತಲೇ ಹೇಳಿದೆ: "ಪ್ರಯೋಗ ಮಾತ್ರ ಮಕ್ಕಳ ಕೈಲೇ ಮಾಡಿಸ್ತೀನಿ ಸಾರ್. ನನ್ ಕೈ ಸರಿಯಿಲ್ವಲ್ಲ."

ನಾನೂ ನಕ್ಕೆ, ಗಿರಿಜಾ. ಥೂ — ನಾನೂ ನಕ್ಕೆ.

ಈಗ ಬೇರೆ ಊರಿನ ಸಂಶೋಧಕರೊಬ್ಬರು, ಆ ಮೂಲ ಪುಡಿ ಉಳಿದಿದ್ದರೆ ಕಳಿಸಿ, ಪರೀಕ್ಷಿಸಬೇಕು ಎಂದು ಬರೆದಿದ್ದಾರೆ. ಅಂದಿನಿಂದ ಫೋನು ಬಡಿದುಕೊಂಡರೂ ಬೆಚ್ಚಿಬೀಳುತ್ತೇನೆ. ಸೀಸೆ ನನ್ನ ಬೀರುವಿನಲ್ಲೇ ಇತ್ತು. ಮೊನ್ನೆ ಅದನ್ನು ಸಿಂಕಿಗೆ ಸುರಿಯಲು ಹೋದೆ, ನಲ್ಲಿಯನ್ನೂ ತಿರುಗಿಸಿದೆ. ಸುರಿಯದೆ ನಿಂತದ್ದಕ್ಕೆ ನನ್ನ ಧೈರ್ಯ ಕಾರಣವಲ್ಲ — ಸೀಸೆಗೆ ಅಂಟಿಸಿದ ಚೀಟಿಯ ಮೇಲೆ ನಿನ್ನ ದುಂಡು ಅಕ್ಷರವಿತ್ತು.

ಇವತ್ತು ಸೀಸೆಯನ್ನು ಅವರಿಗೆ ಕಳಿಸಿದೆ. ನಡೆದದ್ದನ್ನೆಲ್ಲ ಬರೆದು, ಲೇಖನವನ್ನು ಹಿಂತೆಗೆದುಕೊಳ್ಳುತ್ತೇನೆಂದು ಪತ್ರಿಕೆಗೂ ತಿಳಿಸಿದೆ. ಅಂದು ನಾಲ್ಕು ಜನರ ಎದುರಿಗೆ ಅಂದವನು, ನಾಳೆ ನಿನ್ನ ಶಾಲೆಗೆ ಬಂದು ನಾಲ್ಕು ಜನರ ಎದುರಿಗೇ ಈ ಕಾಗದ ಓದುತ್ತೇನೆ. ಹೆಸರು ಹೋಗುತ್ತದೆ. ಹೋಗಲಿ.

ನೀನು ಉಗಿದರೆ ತಡೆದುಕೊಳ್ಳುತ್ತೇನೆ. "ಓಗ್ಲಿ ಬುಡಿ ಸಾರ್" ಅಂದು ನನಗೆ ಕುರ್ಚಿ ಹಾಕಿಬಿಡುತ್ತೀಯೇನೋ — ಅದೇ ಭಯ.