ಎಡ ರೆಕ್ಕೆಯ ಬಟ್ಟೆ

ದೋಹಾದಲ್ಲಿ ಏಷ್ಯನ್ ಗೇಮ್ಸ್‌ಗೆಂದು ರಸ್ತೆಗಳನ್ನೆಲ್ಲ ಅಗೆಯುತ್ತಿದ್ದ ಕಾಲ. ನಜ್ಮಾ ಬಡಾವಣೆಯ ನನ್ನ ಹೊಲಿಗೆ ಅಂಗಡಿಗೆ ಮಂಗಳೂರಿನ ಹೆಂಗಸೊಬ್ಬರು ತೆಳು ಬಿಳಿ ಬಟ್ಟೆಯ ಸುರುಳಿ ತಂದರು. ಊರಿನ ವಾಡಿಕೆಯಂತೆ ಅವರನ್ನು ಬಾಯಮ್ಮ ಎಂದೇ ಕರೆದೆ. ಅವರು ಪೈಲಟ್. ಇಂಡಸ್ಟ್ರಿಯಲ್ ಏರಿಯಾದ ಶೆಡ್ಡೊಂದರಲ್ಲಿ, ತಾವೇ ನಕ್ಷೆ ಬರೆದು, ಒಬ್ಬರು ಕೂರುವ ವಿಮಾನ ಕಟ್ಟುತ್ತಿದ್ದರು. ನಮ್ಮ ಕಡೆಯ ಹೆಂಗಸೊಬ್ಬರು ಹೀಗೆ ಮಾಡಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

"ರೆಕ್ಕೆಗಳಿಗೆ ಗವಸು ಹೊಲಿಯಬೇಕು."

"ದಿಂಬಿಗೆ ಬೇಕಾದಷ್ಟು ಹೊಲಿದಿದ್ದೇನೆ, ಬಾಯಮ್ಮ."

"ದಿಂಬು ಬಿದ್ದರೆ ಯಾರೂ ಸಾಯುವುದಿಲ್ಲ ಮಾರಾಯ್ರೆ!"

ಎಡ ರೆಕ್ಕೆಗೆಂದು ತೆಗೆದ ಬಟ್ಟೆ ಒಂದು ತುದಿಯಲ್ಲಿ ಮುದುಡಿತ್ತು. ಅಲ್ಲಿಗೆ ಬಿಸಿ ಇಸ್ತ್ರಿ ಹಾಕಿದೆ. ಬಟ್ಟೆ ಕುಗ್ಗುವುದಿದ್ದರೆ ಕತ್ತರಿಸುವ ಮೊದಲೇ ಕುಗ್ಗಲಿ ಎನ್ನುವುದು ಟೈಲರುಗಳ ಪದ್ಧತಿ. ಅದನ್ನು ಬಾಯಮ್ಮನಿಗೆ ಹೇಳಬೇಕೆಂದೂ ಅನಿಸಲಿಲ್ಲ.

ಗವಸು ಕೊಟ್ಟ ಮೇಲೆ ಒಂದು ದಿನ ಶೆಡ್ಡಿಗೆ ಹೋದೆ. ಗವಸು ತೊಡಿಸಿದ ಬಲ ರೆಕ್ಕೆಯ ಮೇಲೆ ಅವರು ಇಸ್ತ್ರಿ ಎಳೆಯುತ್ತಿದ್ದರು. ಕಣ್ಣೆದುರೇ ಬಟ್ಟೆ ಕುಗ್ಗಿ ಚೆಂಡೆಯಂತೆ ಬಿಗಿಯಿತು.

"ಇದು ಬಿಗಿಯುವುದು ಒಂದೇ ಸಲ. ಸಡಿಲ ಉಳಿದರೆ ಗಾಳಿಗೆ ಬಡಿದು ಹರಿಯುತ್ತದೆ," ಎಂದರು. ಎಡ ರೆಕ್ಕೆ ಮುಗಿದು ಬಣ್ಣವೂ ಆಗಿತ್ತು. "ಅದರ ತುದಿ ಯಾಕೋ ಅಷ್ಟು ಬಿಗಿಯಲಿಲ್ಲ. ನಡೆದೀತು."

ಕಾರಣ ನನಗೆ ಗೊತ್ತಿತ್ತು: ಆ ತುದಿ ನನ್ನ ಇಸ್ತ್ರಿಗೆ ಆಗಲೇ ಕುಗ್ಗಿಬಿಟ್ಟಿತ್ತು. ಅವರು ನನ್ನ ಹೊಲಿಗೆಯನ್ನು ಹೊಗಳಿದರು. ನಾನು ಚಾ ಕುಡಿದು ಬಂದೆ.

ಹನ್ನೊಂದು ದಿನ ಸುಮ್ಮನಿದ್ದೆ. ಶುಕ್ರವಾರ ಬೆಳಿಗ್ಗೆ ಊರಾಚೆಯ ಬಯಲಿನಲ್ಲಿ ಮೊದಲ ಹಾರಾಟ. ಇಂಜಿನ್ ಶುರುವಾಯಿತು. ಎಡ ರೆಕ್ಕೆಯ ತುದಿ ಸಣ್ಣಗೆ ಅದುರುವುದು ಕಂಡಿತು. ಎರಡೂ ಕೈ ಎತ್ತಿಕೊಂಡು ವಿಮಾನದೆದುರು ಓಡಿದೆ.

ಅವರು ಇಂಜಿನ್ ನಿಲ್ಲಿಸಿ ಇಳಿದರು. ಇಸ್ತ್ರಿಯ ವಿಷಯ ಹೇಳಿದೆ. ಅವರು ಹೆಬ್ಬೆರಳಿನಿಂದ ಆ ತುದಿಯನ್ನು ಒತ್ತಿದರು. ಬಟ್ಟೆ ತಗ್ಗಿತು, ಮೇಲೇಳಲಿಲ್ಲ.

"ಎಷ್ಟು ದಿನದಿಂದ ಗೊತ್ತು?"

"ಹನ್ನೊಂದು."

ಅವರು ಬೈಯಲಿಲ್ಲ. ಚಾಕು ತೆಗೆದು ತುದಿಯಿಂದ ಬುಡದವರೆಗೆ ಗವಸನ್ನು ಸೀಳಿದರು. "ಖಲಾಸ್. ಇನ್ನೊಂದು ಹೊಲಿಯಿರಿ. ನಾನು ಪಕ್ಕದಲ್ಲೇ ಕೂರುತ್ತೇನೆ."

ಹೇಳಿದಂತೆಯೇ ಕೂತರು. ಹೊಲಿಗೆ ಗೆರೆ ತಪ್ಪಿದಾಗಲೆಲ್ಲ ಮೆಷಿನ್ ನಿಲ್ಲಿಸಲು ಹೇಳಿದರು.

ಮೂರು ವಾರದ ಮೇಲೆ ಅವರು ಹಾರಿದರು, ಆರು ನಿಮಿಷ. ಅಷ್ಟೂ ಹೊತ್ತು ನಾನು ಮರಳಿನ ಮೇಲೆ ಕೂತೇ ಇದ್ದೆ. ಕಣ್ಣು ಎಡ ರೆಕ್ಕೆಯ ತುದಿಯ ಮೇಲೆಯೇ ಇತ್ತು.