ಅಕ್ಕ ಇಳಿಯುವ ತನಕ ಗುಡಿಸಬಾರದು

ಮನೆಯವರು ಪ್ರಯಾಣ ಹೊರಟರೆ ಅವರು ಊರು ಮುಟ್ಟುವ ತನಕ ಕಸ ಗುಡಿಸಬಾರದು ಅನ್ನುವುದು ಅಮ್ಮನ ನೇಮ. ಮೈಸೂರಾದರೆ ಮೂರೂವರೆ ಗಂಟೆ, ಹೇಗೋ ತಡೆದುಕೊಳ್ಳಬಹುದು. ತೊಂಬತ್ತರ ದಶಕದ ನಡುವೆ, ಮದುವೆಯಾಗಿ ತಿಂಗಳಾಗಿದ್ದ ಅಕ್ಕ ಬೆಂಗಳೂರು ತ್ಯಾಗರಾಜನಗರದ ನಮ್ಮ ಮನೆಯಿಂದ ನೈರೋಬಿಗೆ ಹೊರಟಳು. ಭಾವ ಅಲ್ಲಿ ಶಾಲೆಯ ಮೇಷ್ಟರು.

ನನಗಾಗ ಹದಿನಾಲ್ಕು, ಎಲ್ಲ ಗೊತ್ತು ಅನ್ನುವ ಜಂಭ. ಬೆಳಗ್ಗೆ ಏಳಕ್ಕೆ ಅಕ್ಕ, ಅವಳನ್ನು ಬಿಟ್ಟುಬರಲು ಹೊರಟ ಅಪ್ಪ ಕೂತಿದ್ದ ಟ್ಯಾಕ್ಸಿ ತಿರುವು ದಾಟಿದ್ದೇ ತಡ, ಅಟ್ಲಾಸ್ ಬಿಚ್ಚಿ ಬೆಂಗಳೂರಿನಿಂದ ನೈರೋಬಿಗೆ ಹೊಲಿಗೆ ದಾರ ಎಳೆದು ಅಳೆದೆ. ಐದು ಸಾವಿರ ಕಿಲೋಮೀಟರಿಗೆ ಚೂರು ಕಡಿಮೆ. ವಿಮಾನ ಗಂಟೆಗೆ ಎಂಟುನೂರು ಓಡುತ್ತದೆ. “ಆರು ಗಂಟೆ ಅಷ್ಟೇ ಅಮ್ಮ. ಮಧ್ಯಾಹ್ನ ಗುಡಿಸ್ಬೋದು” ಅಂದೆ.

“ಬಾಂಬೆಲಿ ಇಳಿದು ಇನ್ನೊಂದು ವಿಮಾನಕ್ಕೆ ಕಾಯೋರು ಯಾರು, ನಿನ್ನ ದಾರಾನಾ?”

ಸಿಟ್ಟು ಬಂತು, ಆದರೆ ಅಮ್ಮ ಹೇಳಿದ್ದು ಸರಿ. ಊಟ ಮಾಡಿ ನಡುಮನೆಯ ನೆಲದ ಮೇಲೆ ಹಾಗೇ ಉರುಳಿಕೊಂಡೆ. ಸುತ್ತ ಅಕ್ಕ ಮುಡಿದು ಬಿಟ್ಟ ಮಲ್ಲಿಗೆಯ ಎಸಳು, ಪೆಟ್ಟಿಗೆ ಕಟ್ಟಿದ ಹಗ್ಗದ ಚೂರು, ಒಂದೆರಡು ಉದ್ದ ಕೂದಲು. ಕಿಟಕಿಯಾಚೆ ಹೊಂಗೆಯ ನೆರಳು ಮೆಲ್ಲಗೆ ಗೋಡೆ ಹತ್ತುತ್ತಿತ್ತು. ಕಣ್ಣು ಮುಚ್ಚಿದರೆ ಕೆಳಗೆ ಬರೀ ನೀಲಿ ನೀರು, ಮೇಲೆ ಅಕ್ಕ, ಕಿಟಕಿಗೆ ಹಣೆ ಒತ್ತಿಕೊಂಡು. ಅವಳು ಈ ಊರಿನವಳೂ ಅಲ್ಲ, ಆ ಊರಿನವಳೂ ಅಲ್ಲ. ಹಾಗೇ ಎಷ್ಟೋ ಹೊತ್ತು ಅವಳ ಜೊತೆ ತೇಲಿದೆ.

ಎಂಟಕ್ಕೆ ಫೋನ್ ಬಂತು. ನಮ್ಮಲ್ಲಿ ಪೂರ್ತಿ ಕತ್ತಲೆ. “ಇಲ್ಲಿನ್ನೂ ಬಿಸಿಲಿದೆ ಕಣೇ” ಅಂದಳು ಅಕ್ಕ, ನಿದ್ದೆ ತುಂಬಿದ ದನಿಯಲ್ಲಿ. ನಾನು ಪೊರಕೆ ತೆಗೆದುಕೊಂಡೆ. ದೀಪ ಹಚ್ಚಿದ ಮೇಲೆ ಗುಡಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಅಂತ ಅಮ್ಮ ಅದನ್ನು ಕಿತ್ತಿಟ್ಟಳು.

ಮರುದಿನ ಬೆಳಗಾಯಿತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಅಮ್ಮ ಒಳಗೆ ಮಾತ್ರ ಗುಡಿಸಲಿಲ್ಲ. ನನಗೆ ರೇಗಿತು. “ಅವಳು ತಲುಪಿ ಆಯ್ತಲ್ಲಮ್ಮ, ಇನ್ನೇನು ಶಾಸ್ತ್ರ?”

“ಶಾಸ್ತ್ರ ಏನೂ ಇಲ್ಲ” ಅಂದಳು. “ಗುಡಿಸ್ಬಿಟ್ರೆ ಅವಳು ಹೋದಂಗೆ ಆಗುತ್ತೆ. ಇವತ್ತೊಂದಿನ ಇರ್ಲಿ.”

ಹಿಂದಿನ ದಿನವಿಡೀ ಅಮ್ಮ ಗಡಿಯಾರ ನೋಡಿದ್ದು ವಿಮಾನ ಬೇಗ ಇಳಿಯಲಿ ಅಂತ ಅಂದುಕೊಂಡಿದ್ದೆ. ಅಕ್ಕ ಹೋದದ್ದು ನನಗೆ ನಾಟಿದ್ದೇ ಆಗ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೂರನೆಯ ದಿನ ಅಮ್ಮನೇ ಗುಡಿಸಿದಳು, ಮೂಲೆಮೂಲೆಯನ್ನೂ ಬಿಡದೆ. ಕಸವನ್ನು ಮೊರಕ್ಕೆ ತುಂಬಿಕೊಂಡು ಬೀದಿ ಕೊನೆಯ ತೊಟ್ಟಿಗೆ ಹೋದಳು. ಎರಡು ನಿಮಿಷದ ದಾರಿ. ಒಲೆಯ ಮೇಲಿನ ಹಾಲು ಉಕ್ಕುವ ಹೊತ್ತಾದರೂ ಅಮ್ಮ ಬರಲಿಲ್ಲ. ಒಲೆ ನಾನೇ ಆರಿಸಿದೆ. ಬಾಗಿಲಿಗೆ ಬಂದು ನೋಡಿದರೆ, ತುಂಬಿದ ಮೊರ ಹಿಡಿದು ತೊಟ್ಟಿಯ ಮುಂದೆ ಇನ್ನೂ ನಿಂತೇ ಇದ್ದಳು.